ಇಂಗ್ಲಿಷ್ ಕ್ರಿಯಾಪದ: ಓದುಗರು ಕೇಳಿದ್ದು

ಪ್ರಶ್ನೆ: 'ಐ ಡಿಡ್ ನಾಟ್ ವೆಂಟ್' ತಪ್ಪಂತೆ, 'ಗೋ' ಅನ್ನಬೇಕಂತೆ. ನಾನು ಹೇಳುತ್ತಿರುವುದು ನಿನ್ನೆಯ ವಿಷಯ. ನಿನ್ನೆಯದಕ್ಕೆ 'ವೆಂಟ್' ತಾನೆ?
– ಓದುಗರು, ಹಾವೇರಿ

ಉತ್ತರ: ನಿನ್ನೆಯದು ಎಂದು ತಿಳಿಸುವ ಕೆಲಸವನ್ನು ನಿಮ್ಮ ವಾಕ್ಯದಲ್ಲಿ 'ಡಿಡ್' ಆಗಲೇ ಮಾಡಿಬಿಟ್ಟಿದೆ. ಇಂಗ್ಲಿಷಿನಲ್ಲಿ ಎರಡು ಮೂರು ಕ್ರಿಯಾಪದಗಳು ಒಟ್ಟಿಗೆ ಬಂದಾಗ ಕಾಲವನ್ನು ತೋರಿಸುವುದು ಮೊದಲನೆಯದು ಮಾತ್ರ. 'ಡಿಡ್' ಬಂದಮೇಲೆ ಮುಂದಿನದು ಮೂಲರೂಪದಲ್ಲೇ ಇರಬೇಕು. ಕನ್ನಡದಲ್ಲೂ ನಾವು 'ಹೋದೆ ಇಲ್ಲ' ಅನ್ನುವುದಿಲ್ಲ, 'ಹೋಗಲಿಲ್ಲ' ಅನ್ನುತ್ತೇವೆ. ನಾನು, ನೀನು, ಅವಳು, ಅವರು, ಯಾರಾದರೂ 'ಹೋಗಲಿಲ್ಲ'ವೇ. 'ಡಿಡ್ ನಾಟ್ ಗೋ' ಕೂಡ ಹಾಗೆ, ಯಾರಿಗೂ ಬದಲಾಗದು.

'ಡಸ್' ಬಂದಾಗಲೂ ಇದೇ ಲೆಕ್ಕ. 'ಶೀ ವರ್ಕ್ಸ್' ಎಂಬಲ್ಲಿ ಕೊನೆಗಿರುವ 'ಸ್' ಇಲ್ಲವೆನ್ನುವಾಗ 'ಡಸ್'ಗೆ ಹೋಗುತ್ತದೆ: 'ಶೀ ಡಸ್ ನಾಟ್ ವರ್ಕ್'. ಕೇಳುವಾಗ 'ಡಸ್ ಶೀ ವರ್ಕ್?' ಎರಡು ಕಡೆಯೂ 'ಸ್' ಹಾಕಿ 'ಡಸ್ ಶೀ ವರ್ಕ್ಸ್' ಅನ್ನುವುದು ತುಂಬ ಕೇಳಿಬರುವ ತಪ್ಪು.

ದಿನಕ್ಕೆ ಹತ್ತು ಕ್ರಿಯಾಪದ ತೆಗೆದುಕೊಂಡು ಒಂದೊಂದನ್ನೂ ಮೂರು ಬಗೆಯಲ್ಲಿ ಗಟ್ಟಿಯಾಗಿ ಹೇಳಿ: 'ಹೀ ಕೇಮ್', 'ಹೀ ಡಿಡ್ ನಾಟ್ ಕಮ್', 'ಡಿಡ್ ಹೀ ಕಮ್?' ನಿಯಮ ಓದುವುದಕ್ಕಿಂತ ನಾಲಿಗೆಗೆ ರೂಢಿಯಾಗುವುದು ಮುಖ್ಯ. ಒಂದು ಎಚ್ಚರಿಕೆ: ಆಮ್, ಈಸ್, ಆರ್, ವಾಸ್, ವರ್ ಇವಕ್ಕೆ 'ಡಿಡ್' ಬೇಕಿಲ್ಲ. 'ಐ ವಾಸ್ ನಾಟ್ ಅಟ್ ಹೋಮ್', ಅಷ್ಟೆ. ಕ್ಯಾನ್, ವಿಲ್, ಮಸ್ಟ್‌ಗಳಿಗೂ ಬೇಡ.

ಪ್ರಶ್ನೆ: 'ಐ ಆಮ್ ಗೋ ಟು ಆಫೀಸ್ ಡೈಲಿ' ಸರಿಯೆ? 'ಮೈ ಬ್ರದರ್ ಟೀಚರ್' ಎಂಬುದರಲ್ಲಿ ಏನು ಕೊರತೆ?
– ಓದುಗರು, ಶಿರಸಿ

ಉತ್ತರ: ಮೊದಲನೆಯದರಲ್ಲಿ 'ಆಮ್' ಹೆಚ್ಚಾಗಿದೆ, ಎರಡನೆಯದರಲ್ಲಿ 'ಈಸ್' ಬಿಟ್ಟುಹೋಗಿದೆ. 'ನಾನು' ಎಂದರೆ 'ಐ ಆಮ್' ಎಂದು ಸೇರಿಸಿಯೇ ಕಲಿತವರಿಗೆ ಅದನ್ನು ಬಿಡಿಸುವುದು ಕಷ್ಟ. 'ನಾನು' ಅಂದರೆ 'ಐ' ಮಾತ್ರ. ದಿನವೂ ಹೋಗುವುದಾದರೆ 'ಐ ಗೋ'. ಈ ಗಳಿಗೆಯಲ್ಲಿ ದಾರಿಯಲ್ಲಿದ್ದರೆ 'ಐ ಆಮ್ ಗೋಯಿಂಗ್'. 'ಆಮ್' ಆದಮೇಲೆ ಬರಿಯ 'ಗೋ' ಎಂದೂ ಬಾರದು.

'ನನ್ನ ಅಣ್ಣ ಮೇಷ್ಟ್ರು' ಎಂದರೆ ಕನ್ನಡದಲ್ಲಿ ಪೂರ್ಣ ವಾಕ್ಯ, ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷಿನಲ್ಲಿ ಹಾಗೆ ನಡೆಯದು: 'ಮೈ ಬ್ರದರ್ ಈಸ್ ಎ ಟೀಚರ್'. ಕನ್ನಡದಲ್ಲಿ ಸಾಮಾನ್ಯವಾಗಿ ಕೊನೆಗೆ ಕೂರುವ ಕ್ರಿಯಾಪದ ಅಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ ಎಂಬುದನ್ನೂ ಗಮನಿಸಿ. ಬರೆದಾದ ಮೇಲೆ ಪ್ರತಿ ವಾಕ್ಯದ ಕ್ರಿಯಾಪದಕ್ಕೂ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಗೆರೆ ಬೀಳದ ವಾಕ್ಯ ಸಿಕ್ಕರೆ 'ಈಸ್' ಅಥವಾ 'ಆರ್' ತಪ್ಪಿಹೋಗಿರುವ ಸಂಭವ ಹೆಚ್ಚು.

'ಇದ್ದಾರೆ', 'ಇದೆ' ಕಂಡಲ್ಲೆಲ್ಲ 'ಈಸ್' ಹಾಕುವುದೂ ಬೇಡ. 'ನನಗೆ ಇಬ್ಬರು ತಂಗಿಯರಿದ್ದಾರೆ' ಎಂಬುದಕ್ಕೆ 'ಐ ಹ್ಯಾವ್ ಟೂ ಸಿಸ್ಟರ್ಸ್'. 'ಗೊತ್ತಿದೆ'ಗೆ 'ಐ ನೋ'. 'ಐ ಆಮ್ ನೋಯಿಂಗ್' ಅಲ್ಲ.

ಪ್ರಶ್ನೆ: ನಿನ್ನೆ ಅವರನ್ನು ನೋಡಿದ್ದೇನೆ ಎನ್ನಲು 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಬರೆದೆ. ತಪ್ಪೆ?
– ಓದುಗರು, ಮುಂಬೈ

ಉತ್ತರ: ತಪ್ಪು. 'ಯೆಸ್ಟರ್‌ಡೇ', 'ಲಾಸ್ಟ್ ವೀಕ್', '2019ರಲ್ಲಿ' ಎಂದು ಮುಗಿದುಹೋದ ಹೊತ್ತನ್ನು ಹೆಸರಿಸಿದರೆ 'ಐ ಸಾ ಹಿಮ್'. ಹೊತ್ತು ಹೇಳದೆ, ನೋಡಿರುವುದಷ್ಟೇ ಮುಖ್ಯವಾದಾಗ 'ಐ ಹ್ಯಾವ್ ಸೀನ್ ಹಿಮ್'.

ಪ್ರಶ್ನೆ: ಮೂರು ರೂಪಗಳ ಉದ್ದನೆಯ ಪಟ್ಟಿ ಪೂರ್ತಿ ಬಾಯಿಪಾಠ ಮಾಡಬೇಕೆ?
– ಓದುಗರು, ಕೋಲಾರ

ಉತ್ತರ: ಬೇಡ. ಬಹುಪಾಲು ಕ್ರಿಯಾಪದಗಳು 'ವರ್ಕ್ಡ್', 'ಪ್ಲೇಡ್'ಗಳಂತೆ ಒಂದೇ ಅಚ್ಚಿನವು. ಅಚ್ಚಿಗೆ ಬಗ್ಗದವುಗಳಲ್ಲಿ ದಿನಬಳಕೆಯವನ್ನು ಮೊದಲು ಹಿಡಿಯಿರಿ: ಗೋ, ಕಮ್, ಸೀ, ಟೇಕ್, ಗಿವ್, ಗೆಟ್, ಮೇಕ್, ಸೇ. ಪಟ್ಟಿಯ ಅಕ್ಷರಕ್ರಮ ಬಿಟ್ಟು ಸದ್ದಿನ ಮೇಲೆ ಗುಂಪು ಮಾಡಿದರೆ ನೆನಪು ನಿಲ್ಲುತ್ತದೆ: ಸಿಂಗ್‌–ಸ್ಯಾಂಗ್‌–ಸಂಗ್ ಜೊತೆ ಡ್ರಿಂಕ್‌–ಡ್ರ್ಯಾಂಕ್‌–ಡ್ರಂಕ್, ಪುಟ್, ಕಟ್, ಹಿಟ್ ಮೂರೂ ರೂಪದಲ್ಲಿ ಒಂದೇ. ಬರೆಯುವಾಗ ಒಂದೇ ಥರ ಕಂಡರೂ 'ವರ್ಕ್ಡ್' ಕೊನೆಯ ಉಚ್ಚಾರ 'ಟ್', 'ಪ್ಲೇಡ್'ದು 'ಡ್', 'ವಾಂಟೆಡ್'ದು 'ಇಡ್'. 'ವರ್ಕೆಡ್' ಎಂದು ಎಳೆಯಬೇಡಿ.