ಹೆಸರು ಆರು, ಹಡಗು ಒಂದೇ

ಪ್ರಶ್ನೆ: 2019ರ ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಮುಂಬೈಗೆ ಹೋಗಿ ‘ಕರ್ಣಿಕಾ’ ಹಡಗು ಹತ್ತಿ ಗೋವಾ ನೋಡಿ ಬಂದೆವು. ಅದು ಆರು ಮಾಲೀಕರ ಕೈ ದಾಟಿದ ಹಳೇ ಮಾಲು, ಈಗ ಗುಜರಿಗೂ ಹೋಗಿದೆ ಅಂತ ನಮ್ಮ ಭಾವ ನಗುತ್ತಾರೆ. ನಮಗೆ ಹೊಸದು ಅಂತಲೇ ಅನ್ನಿಸಿತ್ತು. ನಿಜ ಏನು?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಗುಜರಿ ಮಾತು ನಿಜ. ಹೆಸರು ಆರು ಅನ್ನೋದೂ ನಿಜ. ಆದರೆ ಮಾಲೀಕರು ಆರು ಅಂದರೆ ಜಾಸ್ತಿಯಾಯಿತು.

ಹಡಗು ಹುಟ್ಟಿದ್ದು 1990ರಲ್ಲಿ, ಇಟಲಿಯ ಮೊನ್ಫಾಲ್ಕೋನೆಯಲ್ಲಿ. ಉದ್ದ 245 ಮೀಟರ್. ಮೂತಿ ಡಾಲ್ಫಿನ್ ತಲೆಯ ಹಾಗೆ ದುಂಡಗಿತ್ತು, ಗಮನಿಸಿದ್ದಿರಾ? ಆ ರೂಪ ಕೊಟ್ಟವರು ಹೆಸರಾಂತ ವಾಸ್ತುಶಿಲ್ಪಿ ರೆಂಜೊ ಪಿಯಾನೊ. ಮೊದಲ ಹೆಸರು ಕ್ರೌನ್ ಪ್ರಿನ್ಸೆಸ್. 2002ರಲ್ಲಿ ಜರ್ಮನ್ ಪ್ರವಾಸಿಗರಿಗಾಗಿ ಆರೋಸಾ ಬ್ಲೂ ಆಯಿತು, ಎರಡು ವರ್ಷಕ್ಕೆ ಐಡಾಬ್ಲೂ, 2007ರಲ್ಲಿ ಇಂಗ್ಲಿಷರಿಗಾಗಿ ಓಷನ್ ವಿಲೇಜ್ ಟೂ, 2009ರಿಂದ ಆಸ್ಟ್ರೇಲಿಯಾದಲ್ಲಿ ಪೆಸಿಫಿಕ್ ಜ್ಯುವೆಲ್. ನಮ್ಮ ಕಡೆ ಮದುವೆಯಲ್ಲಿ ಅಕ್ಕಿ ಮೇಲೆ ಉಂಗುರದಿಂದ ಬರೆದು ಸೊಸೆಗೆ ಹೊಸ ಹೆಸರಿಡುತ್ತಾರಲ್ಲ, ಅದು ಮನೆ ಬದಲಾದದ್ದಕ್ಕೆ. ಇಲ್ಲಿ ಮನೆ ಬದಲಾಗದೆಯೇ ಹೆಸರು ಬದಲಾಗುತ್ತಾ ಹೋಯಿತು. ಮೊದಲು ಬ್ರಿಟನ್ನಿನ ಪಿ ಅಂಡ್ ಒ ಬಳಗದ ಹಡಗು, 2003ರಲ್ಲಿ ಆ ಬಳಗದ ಪ್ರವಾಸಿ ಹಡಗುಗಳ ಕಂಪನಿ ಅದೇ ವ್ಯಾಪಾರದ ಅಮೆರಿಕದ ಕಾರ್ನಿವಲ್ ಕಂಪನಿ ಜೊತೆ ಸೇರಿತು, ಆಮೇಲಿನ ಹೆಸರುಗಳೆಲ್ಲ ಕಾರ್ನಿವಲ್‌ನದೇ ಬೇರೆ ಬೇರೆ ಅಂಗಡಿಗಳು. ಹೊಸ ಹಡಗುಗಳಲ್ಲಿ ಬಾಲ್ಕನಿ ಕೋಣೆಗಳು ಜಾಸ್ತಿ, ಹಾಗಾಗಿ ಹಳೆಯದನ್ನು ಮಾರದೆ, ಒಳಗೆ ರಿಪೇರಿ ಮಾಡಿ, ಹೊರಗೆ ಬಣ್ಣ ಬಳಿದು, ಕಡಿಮೆ ದರದ ಇನ್ನೊಂದು ಅಂಗಡಿಗೆ ದಾಟಿಸುತ್ತಾರೆ. ನಿಮಗೆ ಹೊಸದು ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ, ಹಾಗೆ ಅನ್ನಿಸಲಿ ಅಂತಲೇ ಅಷ್ಟೆಲ್ಲ ಖರ್ಚು.

ನಿಜವಾಗಿ ಮನೆ ಬಿಟ್ಟು ಹೊರಬಿದ್ದದ್ದು 2019ರಲ್ಲಿ, ನಮ್ಮ ದೇಶದ ಜಲೇಶ್ ಕಂಪನಿಗೆ ಬಂದು ಕರ್ಣಿಕಾ ಆದಾಗ. ಒಂದು ವರ್ಷವೂ ತುಂಬಲಿಲ್ಲ, ಕೊರೊನಾ ಬಂತು. ಪಾಪ, ಗ್ರಹಚಾರ ಅಂದರೆ ಇದು. 2020ರ ಮಾರ್ಚಿನಲ್ಲಿ ಓಡಾಟ ನಿಂತಿತು, ಕಂಪನಿ ಮುಚ್ಚಿತು, ಹಡಗು ಹರಾಜಾಗಿ ನವೆಂಬರಿನಲ್ಲಿ ಗುಜರಾತಿನ ಅಲಂಗ್ ಸೇರಿತು. ಅಲ್ಲಿ ಸಮುದ್ರದ ಭರತ ಬಹಳ ಎತ್ತರ. ನೀರು ಏರಿದಾಗ ಹಡಗನ್ನು ನೇರ ದಡಕ್ಕೆ ನುಗ್ಗಿಸುತ್ತಾರೆ, ನೀರು ಇಳಿದ ಮೇಲೆ ಗ್ಯಾಸ್ ಕಟರ್‌ನಿಂದ ಕತ್ತರಿಸುತ್ತಾರೆ. ಮಂಚ, ಕುರ್ಚಿ, ತಟ್ಟೆ–ಬಟ್ಟಲೆಲ್ಲ ಅಲ್ಲೇ ರಸ್ತೆ ಬದಿಯ ಅಂಗಡಿಗಳಲ್ಲಿ ಮಾರಾಟಕ್ಕೆ. ನೀವು ಊಟ ಮಾಡಿದ ತಟ್ಟೆ ಈಗ ಯಾವುದೋ ಢಾಬಾದಲ್ಲಿ ಇದ್ದರೂ ಇರಬಹುದು! ಉಕ್ಕು ಕರಗಿ ಕಂಬಿಯಾಗುತ್ತದೆ, ನಿಮ್ಮೂರಿನ ಉದ್ಯಮಬಾಗದ ಫೌಂಡ್ರಿಗಳನ್ನು ನೋಡಿದ ನಿಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಸರು ಎಷ್ಟೇ ಬದಲಾಗಲಿ, ಹಡಗಿಗೆ ಐಎಂಒ ನಂಬರ್ ಅಂತ ಏಳು ಅಂಕಿಯ ಗುರುತು ಇರುತ್ತದೆ, ಅದು ಬದಲಾಗೋದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಯ ಚಾಸಿ ನಂಬರ್ ಇದ್ದ ಹಾಗೆ. ಮುಂದಿನ ಸಲ ಹತ್ತುವ ಮೊದಲು ಆ ನಂಬರ್ ನೋಡಿ ಹುಡುಕಿದರೆ ಇಡೀ ಜಾತಕ ಸಿಗುತ್ತದೆ.

ಭಾವನಿಗೆ ಇನ್ನೊಂದು ಹೇಳಿ. ಇದರ ತಂಗಿ ಹಡಗು, 1991ರ ರೀಗಲ್ ಪ್ರಿನ್ಸೆಸ್, ‘ಆಂಬಿಯೆನ್ಸ್’ ಅನ್ನೋ ಹೆಸರಿನಲ್ಲಿ 2022ರಿಂದ ಇಂಗ್ಲೆಂಡಿನಲ್ಲಿ ಮತ್ತೆ ಪ್ರವಾಸಿಗರನ್ನು ಹತ್ತಿಸಿಕೊಂಡಿತು.