ಪುನರ್ವಸು ಮಳೆಯಲ್ಲಿ ಆದದ್ದು: ಒಂದು ಆಪ್ತಸಲಹೆ ಪ್ರಕರಣ

ಮಾಘ ಮಾಸ ಹುಟ್ಟಿತೆಂದರೆ ಚಾಂದ್ರಮಾನ ವರ್ಷದ ಕೊನೆಯ ಋತುವಾದ ಶಿಶಿರ ಕಾಲಿಟ್ಟಿತೆಂದೇ ಲೆಕ್ಕ. ಮಲೆನಾಡಿನ ಅಡಿಕೆ ಸೀಮೆಯಲ್ಲಿ ಕೊನೆ (ಗೊನೆ) ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಸುಲಿದು ಬೇಯಿಸಿದ ಅಡಿಕೆ ಒಣಗಿ ಮೂಟೆ ಸೇರಿರುತ್ತದೆ, ಸೊಸೈಟಿ ಸಾಲದ ಗಡುವು ಹತ್ತಿರವಾಗಿರುತ್ತದೆ. ವರ್ಷದ ಗಳಿಕೆ ಎಷ್ಟು, ನಷ್ಟ ಎಷ್ಟು ಎಂಬುದು ಕಣ್ಣಿಗೆ ಕಾಣುವ ಕಾಲ ಇದು. ಮನಸ್ಸು ಕುಸಿಯುವುದೂ ಆಗಲೇ. ಇಂಥ ದಿನಗಳಲ್ಲಿ ಬಂದ ಒಬ್ಬ ಬೆಳೆಗಾರರ ವಿಷಯವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಐವತ್ತು ದಾಟಿದ ಅವರಿಗೆ ಸಾಗರದ ಕಡೆ ಸಣ್ಣ ತೋಟವಿದೆ. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಹೆಂಡತಿಯೇ ಹಟ ಹಿಡಿದು ಕರೆತಂದಿದ್ದರು. "ಇವರು ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿಯಲ್ಲಿ ಲೆಕ್ಕದ ಪುಸ್ತಕ ಹಿಡಿದು ಕೂರುತ್ತಾರೆ ಮೇಡಂ. ಬರೆಯುವುದೂ ಇಲ್ಲ, ಓದುವುದೂ ಇಲ್ಲ." ಊಟ ಸೇರುತ್ತಿರಲಿಲ್ಲ, ಮದುವೆ ಮನೆಗಳಿಗೆ ಹೋಗುವುದೂ ನಿಂತಿತ್ತು. ಅವರು ಹೇಳಿದ್ದು ಇಷ್ಟೇ: "ನನ್ನ ಸೋಮಾರಿತನದಿಂದ ಅರ್ಧ ಫಸಲು ಕೊಳೆರೋಗಕ್ಕೆ ಹೋಯಿತು. ಯುಗಾದಿಯೊಳಗೆ ತೋಟ ಮಾರಿಬಿಡುತ್ತೇನೆ."

ಬದುಕೇ ಬೇಡವೆನ್ನಿಸಿದ್ದು ಉಂಟೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಹಲವರಿಗಿದೆ. ಅದು ಸರಿಯಲ್ಲ, ಕೇಳಿದರೆ ಭಾರ ಇಳಿಯುತ್ತದೆ. "ಯಾಕೆ ಬದುಕಬೇಕು ಅನ್ನಿಸುತ್ತದೆ, ಆದರೆ ಏನೂ ಮಾಡಿಕೊಳ್ಳುವುದಿಲ್ಲ" ಎಂದರು. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಮನೋವೈದ್ಯರ ಬಳಿಗೆ ಕಳುಹಿಸಿದೆ, ತೋಟದ ಔಷಧಿ ಇಡುವ ಕೋಣೆಯ ಬೀಗದ ಕೈ ಹೆಂಡತಿಯ ಬಳಿ ಇರಬೇಕೆಂದು ಇಬ್ಬರನ್ನೂ ಒಪ್ಪಿಸಿದೆ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದಾದ ಟೆಲಿಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಅಲ್ಲೇ ಹಾಕಿಸಿದೆ.

ಮಾತ್ರೆ ಶುರುವಾಗಿ ನಿದ್ದೆ ಒಂದಿಷ್ಟು ಕುದುರಿದ ಮೇಲೆ, ಕಳೆದ ವರ್ಷವನ್ನು ಹಾಳೆಯ ಮೇಲೆ ಇಳಿಸಲು ಕೂತೆವು. ದಿನಾಂಕ ಕೇಳಿದರೆ ತಡವರಿಸುತ್ತಿದ್ದರು. ಮಳೆ ನಕ್ಷತ್ರ ಹಿಡಿದು ಕೇಳಿದಾಗ ಒಂದೊಂದೇ ಹೊರಬಂತು: ಕೊಳೆ ತಡೆಯಲು ಮೃಗಶಿರಕ್ಕೆ ಮುಂಚೆ ಒಮ್ಮೆ ಬೋರ್ಡೋ ದ್ರಾವಣ ಹೊಡೆಸಿದ್ದು, ಆರಿದ್ರಾ ಮಳೆ ಬಿಡದೆ ಸುರಿದದ್ದು. ಮೈಲುತುತ್ತ ಮತ್ತು ಸುಣ್ಣದ ಆ ದ್ರಾವಣವನ್ನು 40–45 ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ಅದು ಪುನರ್ವಸು ಮಳೆಯ ಹೊತ್ತಿಗೆ ಬಂದಿತ್ತು, ಅದೇ ತಪ್ಪಿತ್ತು. ಅಲ್ಲಿಗೆ ಬಂದಾಗ ಅವರು ಪೆನ್ನು ಕೆಳಗಿಟ್ಟರು.

"ಆಗ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರಲ್ಲ" ಎಂದರು ಹೆಂಡತಿ. "ಆಸ್ಪತ್ರೆಯಲ್ಲಿ ಅವರ ಜೊತೆ ಇದ್ದವರು ನೀವೇ ಅಲ್ಲವೇ?"

ಅವರು ಬಹಳ ಹೊತ್ತು ಸುಮ್ಮನಿದ್ದು, "ಹೌದು. ವಾಪಸು ಬಂದ ಮೇಲೆ ಮಳೆ ಬಿಟ್ಟು ಹೊಳವೇ ಆಗಲಿಲ್ಲ. ಹೊಳವಾದ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗಲಿಲ್ಲ" ಎಂದರು. ಆಮೇಲೆ ಪೆನ್ನೆತ್ತಿ ಪುನರ್ವಸುವಿನ ಮುಂದೆ "ಅಮ್ಮ, ಶಿವಮೊಗ್ಗ" ಎಂದು ಬರೆದರು.

ಖಿನ್ನತೆ ಹಿಡಿದ ಮನಸ್ಸಿಗೆ ಸೋಲುಗಳು ಮಾತ್ರ ನೆನಪಾಗುತ್ತವೆ, ಅವುಗಳ ಕಾರಣ ಮರೆತುಹೋಗುತ್ತದೆ. ಹಾಗಾಗಿ ವರ್ಷದ ಅವಲೋಕನಕ್ಕೆ ಒಬ್ಬರೇ ಕೂರಬೇಡಿ, ಬೆಳಗಿನ ಜಾವವಂತೂ ಬೇಡವೇ ಬೇಡ ಎನ್ನುತ್ತೇನೆ. ಆ ವರ್ಷವನ್ನು ಜೊತೆಗಿದ್ದು ಕಂಡವರು ಪಕ್ಕದಲ್ಲಿರಬೇಕು. ಹಾಗೆಂದು ಎಲ್ಲವನ್ನೂ ಮಳೆಯ ಮೇಲೆ ಹಾಕಲೂ ನಾನು ಬಿಡಲಿಲ್ಲ. ಕೊನೆಗೌಡನಿಗೆ ಮೊದಲೇ ಹೇಳಿಡದೇ ಇದ್ದದ್ದು ತಮ್ಮ ಕಡೆಯ ಕೊರತೆ ಎಂದು ಅವರೇ ಗುರುತಿಸಿದರು. ತಪ್ಪು ಅಷ್ಟು ಸಣ್ಣದಾಗಿ, ಸ್ಪಷ್ಟವಾಗಿ ಕಂಡಾಗ ಅದನ್ನು ತಿದ್ದಿಕೊಳ್ಳಲೂಬಹುದು.

ಮುಂದಿನ ಯೋಜನೆಯನ್ನು ಯುಗಾದಿಯವರೆಗೆ ಮಾತ್ರ ಹಾಕಿಕೊಂಡೆವು. ಸಹಕಾರ ಸಂಘದ ಬೆಳೆಸಾಲಕ್ಕೆ ಶೂನ್ಯ ಬಡ್ಡಿಯ ಸೌಲಭ್ಯ ದಕ್ಕುವುದು ಗಡುವಿನೊಳಗೆ ಕಟ್ಟಿದವರಿಗೆ. ಆದ್ದರಿಂದ ಮೊದಲು ಎಷ್ಟು ಮೂಟೆ ಕೊಟ್ಟರೆ ಸಾಲ ತೀರುತ್ತದೆ ಎಂದು ಲೆಕ್ಕ ಹಾಕಿ, ಕಾರ್ಯದರ್ಶಿಯನ್ನು ದಂಪತಿ ಇಬ್ಬರೂ ಹೋಗಿ ಕಾಣುವುದು. ಮುಂದಿನ ಮಳೆಗಾಲದ ಎರಡೂ ಬಾರಿಯ ಔಷಧಿಗೆ ಕೊನೆಗೌಡನಿಗೆ ಈಗಲೇ ಹೇಳಿ ಮುಂಗಡ ಕೊಡುವುದು. ಲೆಕ್ಕದ ಪುಸ್ತಕ ತೆರೆಯುವುದು ಸಂಜೆ ಕಾಫಿಯಾದ ಮೇಲೆ, ಅರ್ಧ ಗಂಟೆ, ಹೆಂಡತಿಯ ಎದುರಿಗೆ. ಮೂರಕ್ಕೆ ಎಚ್ಚರವಾದರೆ ಪುಸ್ತಕ ಮುಟ್ಟುವಂತಿಲ್ಲ.

ತೋಟ ಮಾರುವ ಮಾತಿಗೆ ನಾನು ಬೇಡ ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. ಮನಸ್ಸು ಕುಗ್ಗಿರುವಾಗ ಹಿಂದಕ್ಕೆ ಪಡೆಯಲಾಗದ ತೀರ್ಮಾನ ಬೇಡ ಎಂದೆ. ಮಗ ಹಬ್ಬಕ್ಕೆ ಬಂದಾಗ ಮೂವರೂ ಕೂತು ಮಾತನಾಡಲಿ, ಅಜ್ಜಿಯನ್ನೂ ಕೇಳಲಿ. ಚಿಕಿತ್ಸೆ ಮುಗಿಯುವವರೆಗೆ ದಲ್ಲಾಳಿ ಫೋನ್ ಮಾಡಿದರೆ "ಈ ವರ್ಷ ಇಲ್ಲ" ಎಂದಷ್ಟೇ ಹೇಳಿ ಎಂದೆ. ಆ ಮಾತನ್ನು ತಾನೇ ಹೇಳುತ್ತೇನೆಂದು ಹೆಂಡತಿ ಒಪ್ಪಿಕೊಂಡರು.