ಟಿಕೆಟ್ ಬುಕ್ ಮಾಡುವ ಮೊದಲು ಮೂಗು ಹಿಡಿದು ನೋಡಿ

ನಲವತ್ಮೂರನೇ ವಯಸ್ಸಿನಲ್ಲಿ ಅಂಡಮಾನಿನ ಹ್ಯಾವ್ಲಾಕ್ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಕಲಿತು ಬಂದೆ ಅಂತ ಕಳೆದ ತಿಂಗಳು ಈ ಅಂಕಣದಲ್ಲಿ ಎರಡು ಸಾಲು ಬರೆದಿದ್ದೆ. ಈ ತಿಂಗಳ ಪತ್ರಗಳೆಲ್ಲ ಅದರ ಬಗ್ಗೆಯೇ. ಕಾಶಿ ಯಾತ್ರೆಯ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಗೆ ಕಾಯಬೇಕು.

ಪ್ರಶ್ನೆ: ನನಗೆ 42, ಹೆಂಡತಿಗೆ 39. ಅಂಡಮಾನ್‌ಗೆ ಹೋಗಲು ಟ್ರಾವೆಲ್ಸ್‌ನವರು 6 ದಿನದ ಪ್ಯಾಕೇಜ್ ಕೊಟ್ಟಿದ್ದಾರೆ. ಅದರಲ್ಲಿ ‘ಕೊನೆಯ ದಿನ ಬೆಳಿಗ್ಗೆ ನಾರ್ತ್ ಬೇಯಲ್ಲಿ ಸ್ಕೂಬಾ, ಮಧ್ಯಾಹ್ನ ವಿಮಾನ’ ಎಂದಿದೆ. ಅದರ ಬದಲು ನಾವೇ ಎಲ್ಲ ಬುಕ್ ಮಾಡಿಕೊಂಡು ಹೋಗಿ, ಸರಿಯಾಗಿ ಕಲಿತು ಬರಬಹುದೇ? ನನ್ನದು ಕೆರೆ ಈಜು. ಅವಳಿಗೆ ಈಜು ಬರುವುದಿಲ್ಲ. ದಸರಾ ರಜೆಯಲ್ಲಿ ಹೋಗುವ ಆಲೋಚನೆ. — ಓದುಗರೊಬ್ಬರು, ದಾವಣಗೆರೆ

ಖಂಡಿತ ಬರಬಹುದು. ಆದರೆ ನಿಮ್ಮ ಪತ್ರ ಓದಿ ಮೊದಲು ಕಣ್ಣಿಗೆ ಬಿದ್ದದ್ದು ‘ಬೆಳಿಗ್ಗೆ ಸ್ಕೂಬಾ, ಮಧ್ಯಾಹ್ನ ವಿಮಾನ’. ಆ ಪ್ಯಾಕೇಜಿನಲ್ಲೇ ಹೋಗುವುದಾದರೂ ಅದೊಂದನ್ನು ಮಾತ್ರ ಮಾಡಬೇಡಿ.

ನಿಮ್ಮೂರಲ್ಲಿ ಮಿರ್ಚಿ ಮಂಡಕ್ಕಿ ತಿಂದು ಗೋಲಿ ಸೋಡಾ ಕುಡಿಯುತ್ತೀರಲ್ಲ, ಅದನ್ನೇ ನೆನಪು ಮಾಡಿಕೊಳ್ಳಿ. ಗೋಲಿ ಬಿಗಿಯಾಗಿ ಕೂತಿರುವಷ್ಟು ಹೊತ್ತು ಒಳಗಿನ ಗ್ಯಾಸ್ ಕಾಣುವುದೇ ಇಲ್ಲ, ನೀರಲ್ಲಿ ಕರಗಿರುತ್ತದೆ. ಗೋಲಿ ಒತ್ತಿದ ಕೂಡಲೇ ಬುಸ್ಸೆಂದು ಗುಳ್ಳೆ ಏಳುತ್ತದೆ. ನೀರಿನಡಿಯಲ್ಲಿ ನಮ್ಮ ಮೈಯಲ್ಲೂ ಇದೇ ಆಗುವುದು. 10 ಮೀಟರ್ ಇಳಿದರೆ ಮೇಲಿದ್ದಾಗಿನ ಎರಡರಷ್ಟು ಒತ್ತಡ. ಬೆನ್ನಿಗೆ ಕಟ್ಟುವ ಟ್ಯಾಂಕಿನಲ್ಲಿರುವುದು ಬರೀ ಆಕ್ಸಿಜನ್ ಅಲ್ಲ, ನಾವು ದಿನಾ ಉಸಿರಾಡುವ ಗಾಳಿಯೇ. ಅದರಲ್ಲಿನ ನೈಟ್ರೋಜನ್ ಆ ಒತ್ತಡಕ್ಕೆ ರಕ್ತದಲ್ಲಿ, ಮಾಂಸದಲ್ಲಿ ಜಾಸ್ತಿ ಕರಗುತ್ತದೆ. ನಿಧಾನಕ್ಕೆ ಮೇಲೆ ಬಂದರೆ ಉಸಿರಿನ ಜೊತೆ ಸದ್ದಿಲ್ಲದೆ ಹೊರಗೆ ಹೋಗುತ್ತದೆ. ಪೂರ್ತಿ ಹೋಗಲು ಗಂಟೆಗಟ್ಟಲೆ ಬೇಕು. ಅದು ಹೋಗುವ ಮೊದಲೇ ನೀವು ವಿಮಾನ ಹತ್ತಿದರೆ, ಅಲ್ಲಿನ ಒತ್ತಡ ಎರಡು ಸಾವಿರ ಮೀಟರ್ ಬೆಟ್ಟದ ಮೇಲಿನಷ್ಟೇ. ಗೋಲಿ ಒತ್ತಿದ ಹಾಗಾಯಿತು. ಕೀಲು ನೋವಿನಿಂದ ಹಿಡಿದು ಕೈಕಾಲು ಬಿದ್ದುಹೋಗುವ ತನಕ ಏನು ಬೇಕಾದರೂ ಆಗಬಹುದು. ಒಂದೇ ಡೈವ್ ಮಾಡಿದರೆ ಕನಿಷ್ಠ 12 ಗಂಟೆ, ದಿನಗಟ್ಟಲೆ ಡೈವ್ ಮಾಡಿದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ನಾನು ಪೂರ್ತಿ ಒಂದು ದಿನ ಬಿಡುತ್ತೇನೆ.

ಅದಕ್ಕೇ ಈ ಪ್ರವಾಸವನ್ನು ಹಿಂದಿನಿಂದ ಮುಂದಕ್ಕೆ ಕಟ್ಟಬೇಕು. ಭಾನುವಾರ ಬೆಂಗಳೂರಿಗೆ ವಿಮಾನ ಎಂದುಕೊಳ್ಳಿ. ಶನಿವಾರ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಮಲಗಬೇಕು (2024ರಿಂದ ಊರಿನ ಹೆಸರು ಶ್ರೀ ವಿಜಯಪುರಂ. ಆಟೋದವರು ಇನ್ನೂ ಹಳೇ ಹೆಸರೇ ಹೇಳುತ್ತಾರೆ). ಶುಕ್ರವಾರ ಹ್ಯಾವ್ಲಾಕ್‌ನಲ್ಲೇ ಇರಿ, ನೀರಿಗೆ ಇಳಿಯಬೇಡಿ. ಮಂಗಳವಾರದಿಂದ ಗುರುವಾರ ಡೈವಿಂಗ್ ಕೋರ್ಸ್. ಸೋಮವಾರ ಬೆಳಿಗ್ಗೆ ಫೆರಿ, ಮಧ್ಯಾಹ್ನ ಡೈವ್ ಶಾಪ್‌ನಲ್ಲಿ ಕಾಗದ ಪತ್ರ, ಅಳತೆಯ ಸೂಟು, ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ). ಹಿಂದಿನ ಭಾನುವಾರ ಬೆಂಗಳೂರಿನಿಂದ ನೇರ ವಿಮಾನ. ಎಂಟು ದಿನ ಆಯಿತು. ಆರು ದಿನದಲ್ಲಿ ಮುಗಿಸಲು ಹೋದರೆ ಆ ಖಾಲಿ ಶುಕ್ರವಾರವೇ ಮೊದಲು ಹಾರಿಹೋಗುವುದು.

ಖಾಲಿ ದಿನ ಸುಮ್ನೆ ಅಲ್ಲ. ನನ್ನ ಮೊದಲ ಪ್ರವಾಸದಲ್ಲಿ ಗಾಳಿ ಎದ್ದು ಒಂದು ದಿನ ಫೆರಿಯೇ ಬಿಡಲಿಲ್ಲ. ನಾವು ಬಿಡುವು ಇಟ್ಟುಕೊಂಡಿರಲಿಲ್ಲ. ಜೆಟ್ಟಿಯಲ್ಲಿ ಸೂಟ್‌ಕೇಸ್ ಮೇಲೆ ಕೂತು, ವಿಮಾನ ಹೊರಡುವ ಹೊತ್ತನ್ನು ಗಡಿಯಾರದಲ್ಲಿ ನೋಡಿದೆವು. ಹೊಸ ಟಿಕೆಟ್‌ಗೆ ಕೊಟ್ಟ ದುಡ್ಡು ಇವತ್ತಿಗೂ ನಮ್ಮೆಜಮಾನರ ಬಾಯಲ್ಲಿ ಬರುತ್ತದೆ.

ದಸರಾ ಬೇಡ. ಆಗಿನ್ನೂ ಅಲ್ಲಿ ಮಳೆ ಬಿಟ್ಟಿರುವುದಿಲ್ಲ. ಜನವರಿ ಕೊನೆಯಿಂದ ಏಪ್ರಿಲ್ ಒಳಗೆ ಹೋದರೆ ಸಮುದ್ರ ಶಾಂತವಾಗಿರುತ್ತದೆ, ನೀರು ತಿಳಿ.

ಇನ್ನು ಕಲಿಯುವ ವಿಷಯ. ಪಾಡಿ, ಎಸ್‌ಎಸ್‌ಐ ಅಂತ ಎರಡು ದೊಡ್ಡ ಸಂಸ್ಥೆಗಳ ಕೋರ್ಸ್‌ಗಳಿವೆ. ‘ಓಪನ್ ವಾಟರ್’ ಕಾರ್ಡ್ ಸಿಕ್ಕರೆ 18 ಮೀಟರ್ ತನಕ ಇಳಿಯಬಹುದು, ಪ್ರಪಂಚದಲ್ಲಿ ಎಲ್ಲಿ ಬೇಕಾದರೂ. ಅದಕ್ಕೆ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ಟೈಮ್ ಲೆಕ್ಕ ಇಲ್ಲ, ಇಂಥದ್ದೇ ಸ್ಟೈಲ್ ಎಂದೂ ಇಲ್ಲ. ನಿಮ್ಮ ಕೆರೆ ಈಜು ಧಾರಾಳ ಸಾಕು. ನಿಮ್ಮವರು ಈಗಿನಿಂದಲೇ ಈಜುಕೊಳಕ್ಕೆ ಸೇರಿದರೆ ಮಾರ್ಚ್ ಹೊತ್ತಿಗೆ 200 ಮೀಟರ್ ಕಷ್ಟವಲ್ಲ. ಆಗದಿದ್ದರೂ ಬೇಸರ ಬೇಡ. ಕಾರ್ಡ್ ಇಲ್ಲದ ‘ಡಿಸ್ಕವರ್’ ಡೈವ್‌ಗೆ ಈಜು ಬೇಕಿಲ್ಲ. ಇನ್ಸ್‌ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ, 12 ಮೀಟರ್‌ಗಿಂತ ಕೆಳಗೆ ಇಳಿಸುವಂತಿಲ್ಲ. ಹ್ಯಾವ್ಲಾಕ್‌ನ ಬೀಚ್ ನಂಬರ್ 2ರಲ್ಲಿ ನೀಮೋ ರೀಫ್ ಅನ್ನುವ ಹವಳದ ದಿಬ್ಬಕ್ಕೆ ದಡದಿಂದ ನಡೆದುಕೊಂಡೇ ನೀರಿಗೆ ಇಳಿಯಬಹುದು.

ಕೋರ್ಸಿನ ಪಾಠವನ್ನು ಊರಲ್ಲೇ ಆನ್‌ಲೈನ್‌ನಲ್ಲಿ ಮುಗಿಸಿಕೊಂಡು ಹೋಗಿ. ಸಮುದ್ರದ ಎದುರು ಕೂತು ವಿಡಿಯೋ ನೋಡುವಷ್ಟು ಬೇಜಾರು ಬೇರೆ ಇಲ್ಲ.

ಡೈವ್ ಶಾಪ್‌ನವರಿಗೆ ಫೋನ್ ಮಾಡಿದಾಗ ರೇಟ್ ಒಂದನ್ನೇ ಕೇಳಬೇಡಿ. ಒಬ್ಬ ಇನ್ಸ್‌ಟ್ರಕ್ಟರ್‌ಗೆ ಎಷ್ಟು ಜನ ಕಲಿಯುವವರು? ದೋಣಿಯಲ್ಲಿ ತುರ್ತಿಗೆ ಬೇಕಾಗುವ ಆಕ್ಸಿಜನ್ ಕಿಟ್ ಇದೆಯಾ? ಕಾರ್ಡಿನ ಫೀಸು, ದೋಣಿ, ಸಲಕರಣೆ ಎಲ್ಲ ಸೇರಿಯೇ ಈ ರೇಟಾ? ಕಿವಿ ನೋವಾಗಿ ಅರ್ಧಕ್ಕೆ ನಿಂತರೆ ದುಡ್ಡಿನ ಕಥೆ ಏನು? ಕೊನೆಯ ಪ್ರಶ್ನೆಗೆ ಉತ್ತರಿಸುವ ದನಿಯಲ್ಲೇ ಅಂಗಡಿ ಎಂಥದ್ದು ಅಂತ ಗೊತ್ತಾಗುತ್ತದೆ.

ಕಿವಿ ಅಂದೆನಲ್ಲ, ನಿಜವಾದ ಪರೀಕ್ಷೆ ಅದೇ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದೆ, ಎಂಜಲು ನುಂಗಿದರೆ ಬಿಡುತ್ತದೆ. ನೀರಲ್ಲಿ ಮೊದಲ ಎರಡು ಮೂರು ಮೀಟರ್‌ಗೇ ಅದಕ್ಕಿಂತ ಜಾಸ್ತಿ ಕಟ್ಟುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಎರಡೂ ಕಿವಿಯಲ್ಲಿ ‘ಟಿಕ್’ ಅನ್ನಬೇಕು. ಟಿಕೆಟ್ ಬುಕ್ ಮಾಡುವ ಮೊದಲೇ ಇಬ್ಬರೂ ಮನೆಯಲ್ಲಿ ಹೀಗೆ ಮಾಡಿ ನೋಡಿ. ಯಾವಾಗಲೂ ಒಂದು ಕಿವಿ ಬಿಡುವುದೇ ಇಲ್ಲ ಅನಿಸಿದರೆ ಕಿವಿ ಡಾಕ್ಟರಿಗೆ ತೋರಿಸಿ. ನೀರಲ್ಲಿ ನೋವು ಬರುವ ತನಕ ಕಾಯಬಾರದು, ತಲೆ ಮುಳುಗಿದಾಗಿನಿಂದಲೇ ಊದುತ್ತಾ ಇಳಿಯಬೇಕು. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನ. ಜೋರಾಗಿ ಊದಬಾರದು.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಎರಡನೇ ಸಲ ಹೋದಾಗ ನೆಗಡಿ ಮುಚ್ಚಿಟ್ಟು ಇಳಿದೆ. ಮಾತ್ರೆ ನುಂಗಿದ್ದೆ, ಮೂಗು ಚೆನ್ನಾಗಿತ್ತು. ಆರು ಮೀಟರ್‌ನಲ್ಲಿ ಎಡಗಿವಿಯೊಳಗೆ ಹಳೇ ಬಾಗಿಲ ಕೀಲಿನ ಹಾಗೆ ಕಿರ್ ಅಂತ ಸದ್ದು. ಮೇಲೆ ಬಂದು ಮಾಸ್ಕ್ ತೆಗೆದರೆ ಒಳಗೆಲ್ಲ ತೆಳು ಕೆಂಪು ನೀರು. ಕಿವಿಯ ತಮಟೆ ಹರಿದಿರಲಿಲ್ಲ, ಪುಣ್ಯ. ಆದರೆ ಉಳಿದ ಮೂರು ದಿನ ಬೀಚ್ ನಂಬರ್ 5ರ ಜಗಲಿಯಲ್ಲಿ ಕೂತು, ನಮ್ಮೆಜಮಾನರು ದೋಣಿ ಹತ್ತುವುದನ್ನು ನೋಡಿದೆ. ಅವರು ವಾಪಸ್ ಬಂದು ಆಮೆಯ ಕಥೆ ಹೇಳುವಾಗ ಬಲಗಿವಿ ಕೊಟ್ಟು ಕೇಳಿದೆ.

ಪ್ರಶ್ನೆ: ನನಗೆ ಮೈನಸ್ 4.5 ಕನ್ನಡಕ. ಬಿಪಿ ಮಾತ್ರೆಯೂ ಇದೆ. ಡೈವಿಂಗ್ ಸಾಧ್ಯವೇ? — ಶಿಕ್ಷಕಿ, ಪುತ್ತೂರು

ಕಣ್ಣಿಗೆ ದಾರಿ ಇದೆ. ಪವರ್ ಇರುವ ಮಾಸ್ಕ್ ಕೆಲವು ಡೈವ್ ಶಾಪ್‌ಗಳಲ್ಲಿ ಇರುತ್ತದೆ, ಮೊದಲೇ ನಂಬರ್ ಹೇಳಿ ತೆಗೆದಿರಿಸಿಕೊಳ್ಳಿ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಯೂ ಇಳಿಯಬಹುದು. ಆದರೆ ಮಾಸ್ಕ್‌ಗೆ ನೀರು ತುಂಬಿ ಖಾಲಿ ಮಾಡುವುದನ್ನು ಕಲಿಸುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಲೆನ್ಸ್ ಮೀನಿನ ಪಾಲು. ನೀರಿನಡಿಯಲ್ಲಿ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರದಲ್ಲಿದ್ದಂತೆ ಕಾಣುತ್ತದೆ. ನಮ್ಮಂಥವರಿಗೆ ಸಮುದ್ರ ಕೊಟ್ಟ ರಿಯಾಯಿತಿ ಅಂದುಕೊಳ್ಳಿ.

ಬಿಪಿ ವಿಷಯ ನಾನು ಹೇಳುವುದಲ್ಲ, ನಿಮ್ಮ ಡಾಕ್ಟರ್ ಹೇಳಬೇಕು. ಡೈವಿಂಗ್‌ಗೆ ಮೊದಲು ಒಂದು ಫಾರಂ ತುಂಬಿಸುತ್ತಾರೆ. ಆಸ್ತಮಾ, ಹೃದಯ, ಸಕ್ಕರೆ ಕಾಯಿಲೆ, ಕಿವಿ ಆಪರೇಷನ್, ದಿನಾ ನುಂಗುವ ಮಾತ್ರೆ, ಎಲ್ಲ ಕೇಳಿರುತ್ತಾರೆ. ಒಂದಕ್ಕೆ ‘ಹೌದು’ ಬಂದರೂ ಡಾಕ್ಟರ ಸಹಿ ಬೇಕಾಗಬಹುದು. ಫಾರಂ ಮೊದಲೇ ತರಿಸಿಕೊಂಡು ಪುತ್ತೂರಲ್ಲೇ ಸಹಿ ಹಾಕಿಸಿಕೊಳ್ಳಿ. ದ್ವೀಪಕ್ಕೆ ಹೋದ ಮೇಲೆ ಫಾರಂ ನೋಡಿ ಗಾಬರಿಯಾಗಿ ಎಲ್ಲಕ್ಕೂ ‘ಇಲ್ಲ’ ಎಂದು ಟಿಕ್ ಹಾಕಿದವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ, ಮೇಡಂ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವುದಾದರೆ ಸ್ಕೂಬಾ ಅದರಲ್ಲಿ ಸೇರಿದೆಯಾ ಎಂದು ಸಣ್ಣ ಅಕ್ಷರದ ತನಕ ಓದಿ. ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ.

ಪ್ರಶ್ನೆ: ಅಂಡಮಾನ್ ನಮ್ಮ ಜೇಬಿಗೆ ಭಾರ. ನೇತ್ರಾಣಿ ಸಾಕಲ್ವಾ? — ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ನನ್ನ ತವರು ಶಿರಾಲಿ. ಮುರುಡೇಶ್ವರದ ದಡದಲ್ಲಿ ನಿಂತು, ದೂರದ ಆ ನೇತ್ರಾಣಿ ದ್ವೀಪವನ್ನು ನೋಡುತ್ತಲೇ ಬೆಳೆದವಳು. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ, ಕಡಿಮೆ ಮಾಡಿಕೊಂಡು ಓದಿ.

‘ನೀರಿನಡಿ ಉಸಿರಾಡುವುದು ನನ್ನಿಂದ ಆಗುತ್ತದಾ’ ಅಂತ ತಿಳಿಯಲು ನೇತ್ರಾಣಿ ಸಾಕೋ ಸಾಕು. ಶುಕ್ರವಾರ ರಾತ್ರಿ ಬಸ್ ಹತ್ತಿದರೆ ಭಾನುವಾರ ವಾಪಸ್, ವಿಮಾನದ ಚಿಂತೆಯೂ ಇಲ್ಲ. ಆದರೆ ಅದು ತೆರೆದ ಸಮುದ್ರ. ದಡದಿಂದ ಸುಮಾರು 19 ಕಿಲೋಮೀಟರ್ ದೋಣಿಯಲ್ಲಿ ಹೋಗಬೇಕು. ದ್ವೀಪದ ಪಕ್ಕ ದೋಣಿ ನಿಂತು ಅತ್ತಿತ್ತ ತೂಗುವಾಗಲೇ ಅರ್ಧ ಜನ ಹೊಟ್ಟೆಯಲ್ಲಿದ್ದ ಬನ್ಸ್ ಹೊರಗೆ ಹಾಕುತ್ತಾರೆ. ವಾಂತಿ ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಿ, ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಹಿಂದೆ ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಕೆಳಗೆ ಲೋಹದ ತುಂಡು ಏನಾದರೂ ಕಂಡರೆ ಕೈ ಹಿಂದೆ ಕಟ್ಟಿಕೊಂಡು ನೋಡಿ.

ದಿನಗಟ್ಟಲೆ ಕಲಿಯಲು ನನಗೆ ಹ್ಯಾವ್ಲಾಕ್ ಇಷ್ಟ. ದಡದ ಪಕ್ಕದಲ್ಲೇ ಆಳವಿಲ್ಲದ ನೀರು ಸಿಗುತ್ತದೆ, ತಪ್ಪು ಮಾಡಲು ಜಾಗ ಇದೆ.

ಪ್ರಶ್ನೆ: ಶಾರ್ಕ್? — ಹೆಸರು ಬೇಡ, ಹಾವೇರಿ

ಕಂಡರೆ ಅದೃಷ್ಟ. ನಾನು ಒಂದೇ ಸಲ ನೋಡಿದ್ದು, ಅದೂ ಅದರ ಬಾಲ. ನನ್ನನ್ನು ಅಟ್ಟಿಸಿಕೊಂಡು ಬಂದದ್ದು ಟೈಟನ್ ಟ್ರಿಗರ್‌ಫಿಶ್ ಅನ್ನುವ ಮೀನು, ಮೊರದಷ್ಟು ಅಗಲ. ಮರಳಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟಿರುವಾಗ ಅದಕ್ಕೆ ಯಾರೂ ಆಗುವುದಿಲ್ಲ. ಗುಂಡಿಯಿಂದ ಮೇಲಕ್ಕೆ, ಆಲಿಕೆಯ ಆಕಾರದಲ್ಲಿ, ಅಷ್ಟೂ ತನ್ನದೇ ಸೈಟು ಎಂದು ತಿಳಿದಿರುತ್ತದೆ. ಗಾಬರಿಯಲ್ಲಿ ಮೇಲಕ್ಕೆ ಹೋದರೆ ಅದರ ಸೈಟಿನೊಳಗೇ ಇರುತ್ತೀರಿ, ಪಕ್ಕಕ್ಕೆ ಈಜಬೇಕು. ನಾನು ಮೇಲಕ್ಕೆ ಹೋದೆ. ಎಡಗಾಲಿನ ಫಿನ್ ಅಂಚಿನಲ್ಲಿ ಎರಡು ಹಲ್ಲಿನ ಗುರುತು ಇನ್ನೂ ಇದೆ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳು ನಾವು. ಅಲ್ಲಿ ಊಟ? ಜೊತೆಗೆ ಏನೇನು ಒಯ್ಯಬೇಕು? — ಗೃಹಿಣಿ, ವಿಜಯನಗರ, ಬೆಂಗಳೂರು

ಹ್ಯಾವ್ಲಾಕ್‌ನಲ್ಲೂ ಒಂದು ವಿಜಯನಗರ ಇದೆ, ಬೀಚ್ ನಂಬರ್ 5 ಇರುವುದು ಅಲ್ಲೇ. ಮನೆ ಬಿಟ್ಟ ಹಾಗೇ ಅನಿಸುವುದಿಲ್ಲ. ದೇಶ ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ನೆಲೆಸಿದ ದ್ವೀಪ ಅದು. ಹಾಗಾಗಿ ಅನ್ನ, ಬೇಳೆ, ದಪ್ಪ ಬಿಲ್ಲೆಯಾಗಿ ಕರಿದ ಬದನೆಕಾಯಿ ಎಲ್ಲ ಕಡೆ ಸಿಗುತ್ತದೆ. ಮೀನಿನ ವಾಸನೆಯೇ ಆಗದು ಅನ್ನುವವರಿಗೆ ಮಾತ್ರ ಕಷ್ಟ. ಚಟ್ನಿಪುಡಿ ಒಯ್ಯಿರಿ. ಎಟಿಎಂ ಕಡಿಮೆ, ಕೈಯಲ್ಲಿ ನಗದು ಇರಲಿ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಹಾಕಿದ ಮೇಲೆ ಇಂಟರ್ನೆಟ್ ವಾಸಿ. ಆದರೆ ಯುಪಿಐ ಒಂದನ್ನೇ ನಂಬಿ ಹೋಗಬೇಡಿ.

ಬೆಳಿಗ್ಗೆ ಐದಕ್ಕೆಲ್ಲ ಬೆಳಕಾಗುತ್ತದೆ, ಸಂಜೆ ಐದೂವರೆ ಆರಕ್ಕೆ ಕತ್ತಲು. ಡೈವ್ ದೋಣಿಗಳು ಬೇಗ ಹೊರಡುತ್ತವೆ, ರಾತ್ರಿ ಬೇಗ ಮಲಗಿ. ದಡದಲ್ಲಿ ಬಿದ್ದ ಹವಳದ ತುಂಡು ಎಷ್ಟೇ ಚಂದ ಇದ್ದರೂ ಬ್ಯಾಗಿಗೆ ಹಾಕಬೇಡಿ. ಅದು 1972ರ ವನ್ಯಜೀವಿ ಕಾಯ್ದೆಗೆ ಬರುತ್ತದೆ. ವಿಮಾನ ನಿಲ್ದಾಣದ ಸ್ಕ್ಯಾನಿಂಗ್‌ನಲ್ಲಿ ಒಬ್ಬ ಹುಡುಗಿಯ ಬ್ಯಾಗಿನಿಂದ ಒಂದೊಂದಾಗಿ ತೆಗೆಸುತ್ತಿದ್ದರು, ಪಾಪ, ಅಳುತ್ತಾ ನಿಂತಿದ್ದಳು.

ಇನ್ನೊಂದು, ಯಾರೂ ಹೇಳದ್ದು. ಒಂದು ನೈಲಾನ್ ಹಗ್ಗ, ಹತ್ತು ಬಟ್ಟೆ ಕ್ಲಿಪ್ ಒಯ್ಯಿರಿ. ಉಪ್ಪುನೀರಲ್ಲಿ ನೆನೆದ ಬಟ್ಟೆ ಆ ಸೆಕೆಯಲ್ಲಿ ರೂಮಿನೊಳಗೆ ಒಣಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಒದ್ದೆ ಈಜುಡುಗೆ ತೊಡುವುದಿದೆಯಲ್ಲ, ಅದರ ಮುಂದೆ ಟ್ರಿಗರ್‌ಫಿಶ್ ಏನೂ ಅಲ್ಲ.